ಹದಿನಾಲ್ಕನೇ ಲೂಯಿ: ಜನ ನಂಬಿದ್ದು, ನಿಜವಾಗಿ ನಡೆದದ್ದು

ಫ್ರಾನ್ಸಿನ 14ನೇ ಲೂಯಿ ಪಟ್ಟಕ್ಕೆ ಬಂದದ್ದು 1643ರ ಮೇ 14ರಂದು. ಆಗ ಅವನಿಗೆ ಐದು ವರ್ಷವೂ ತುಂಬಿರಲಿಲ್ಲ. ತೀರಿಕೊಂಡದ್ದು 1715ರ ಸೆಪ್ಟೆಂಬರ್ 1ರಂದು, 77 ತುಂಬಲು ನಾಲ್ಕೇ ದಿನ ಬಾಕಿ ಇದ್ದಾಗ. 72 ವರ್ಷ ಮೀರಿದ ಅಷ್ಟು ದೀರ್ಘ ಆಳ್ವಿಕೆ ಯುರೋಪಿನ ಬೇರಾವ ದೊಡ್ಡ ರಾಜ್ಯದ ದೊರೆಗೂ ದಕ್ಕಲಿಲ್ಲ. ನಿರಂಕುಶ ಪ್ರಭುತ್ವದ ಪಾಠ ಬಂದಾಗಲೆಲ್ಲ ಪುಸ್ತಕಗಳು ಮುಂದಿಡುವುದು ಅವನನ್ನೇ. 1701ರಲ್ಲಿ ಚಿತ್ರಕಾರ ರಿಗೊ ಬರೆದ ಆ ಪಟ ಎಲ್ಲರಿಗೂ ಗೊತ್ತು: ಹೆಗಲಿನಿಂದ ನೆಲದವರೆಗೆ ಇಳಿಬಿದ್ದ ನಿಲುವಂಗಿ, ಎತ್ತರದ ಕೃತಕ ಕೇಶ, ಕೆಂಪು ಹಿಮ್ಮಡಿಯ ಪಾದರಕ್ಷೆ.

ಈ ಪಟದ ಸುತ್ತ ಮೂರು ಶತಮಾನಗಳಿಂದ ಕಥೆಗಳು ಬೆಳೆದಿವೆ. ಕೆಲವನ್ನು ಅರಮನೆಯೇ ಪದಕ, ಪ್ರತಿಮೆ, ಚಿತ್ರಗಳ ಮೂಲಕ ಹಬ್ಬಿಸಿತು. ಕೆಲವನ್ನು ಎದುರಾಳಿಗಳಾದ ಡಚ್ಚರು, ದೇಶ ಬಿಟ್ಟುಹೋದ ಪ್ರಾಟೆಸ್ಟೆಂಟರು ಕರಪತ್ರಗಳಲ್ಲಿ ಅಚ್ಚು ಹಾಕಿಸಿದರು. ಇನ್ನು ಕೆಲವು ಸ್ಯಾಂ-ಸಿಮೋನ್ ಎಂಬ ಡ್ಯೂಕ್‌ನ ನೆನಪಿನ ಬರಹಗಳಿಂದ ಬಂದವು. ರಾಜನಿಂದ ತನಗೆ ತಕ್ಕ ಸ್ಥಾನ ಸಿಗಲಿಲ್ಲವೆಂಬ ಅಸಮಾಧಾನ ಆತನಿಗೆ ಕೊನೆಯವರೆಗೂ ಇತ್ತು. ಆ ಬರಹಗಳು ಪೂರ್ಣ ರೂಪ ಪಡೆದದ್ದು ರಾಜ ಸತ್ತು ದಶಕಗಳು ಕಳೆದ ಮೇಲೆ. ಉಳಿದದ್ದನ್ನು 19ನೇ ಶತಮಾನದ ಕಾದಂಬರಿಕಾರರು ತುಂಬಿದರು.

ಈ ಕಥೆಗಳಲ್ಲಿ ಬಹುಪಾಲಿನ ಬೇರಿನಲ್ಲಿ ಒಂದೇ ನಂಬಿಕೆ ಇದೆ: ಸುಮಾರು 2 ಕೋಟಿ ಜನರಿದ್ದ ದೇಶ ಒಬ್ಬ ಮನುಷ್ಯನ ಇಚ್ಛೆಯಂತೆ ನಡೆಯಿತು ಎಂಬುದು. ಲೂಯಿಯ ಅಧಿಕಾರ ದೊಡ್ಡದೇ ಆಗಿತ್ತು. ಆದರೆ ಅದು ನಿಂತಿದ್ದು ಹಲವರ ಪಾಲುದಾರಿಕೆಯ ಮೇಲೆ, ಕೊಡು-ಕೊಳ್ಳುವ ಒಪ್ಪಂದಗಳ ಮೇಲೆ. ಆ ಒಪ್ಪಂದಗಳಲ್ಲಿ ಪಾಲೇ ಇಲ್ಲದವರು ಅದರ ಬೆಲೆ ತೆತ್ತರು. ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: “ನಾನೇ ರಾಜ್ಯ” ಎಂದು ಲೂಯಿ ಘೋಷಿಸಿದ

ವಾಸ್ತವ: ಈ ಮಾತನ್ನು ಅವನು ಆಡಿದ ಎಂಬುದಕ್ಕೆ ಆ ಕಾಲದ ಒಂದು ದಾಖಲೆಯೂ ಇಲ್ಲ. ಕಥೆಯ ಪ್ರಕಾರ ಇದು 1655ರ ಏಪ್ರಿಲ್ 13ರ ಘಟನೆ. 16 ವರ್ಷದ ರಾಜ ಬೇಟೆಯ ಉಡುಪಿನಲ್ಲೇ ಪ್ಯಾರಿಸ್ಸಿನ ಉನ್ನತ ನ್ಯಾಯಾಲಯವಾದ ಪಾರ್ಲಮಾಂಗೆ ಬಂದು ನ್ಯಾಯಾಧೀಶರ ಮುಖಕ್ಕೆ ಹೀಗೆಂದನಂತೆ. ಅವನು ಅಂದು ಬಂದದ್ದು ನಿಜ. ತನ್ನ ತೆರಿಗೆ ಶಾಸನಗಳ ಮೇಲೆ ಮತ್ತೆ ಚರ್ಚೆ ಎತ್ತಕೂಡದು ಎಂದು ಗದರಿದ್ದೂ ನಿಜ. ಆದರೆ ಆ ಸಭೆಯ ನಡಾವಳಿಯಲ್ಲಿ ಈ ವಾಕ್ಯ ಸಿಗುವುದಿಲ್ಲ. ಅದು ಅವನ ಹೆಸರಿಗೆ ಅಂಟಿಕೊಂಡದ್ದು ಬಹಳ ಕಾಲದ ನಂತರ.

ದಾಖಲಾಗಿ ಉಳಿದಿರುವ ಮಾತು ಇದಕ್ಕೆ ವಿರುದ್ಧವಾಗಿದೆ. ಸಾವಿನ ಹಾಸಿಗೆಯಲ್ಲಿ ಅವನು, ತಾನು ಹೋಗುತ್ತೇನೆ, ರಾಜ್ಯ ಮಾತ್ರ ಯಾವಾಗಲೂ ಇರುತ್ತದೆ ಎಂಬರ್ಥದ ಮಾತು ಹೇಳಿದನೆಂದು ಆಸ್ಥಾನಿಕ ದಾಂಜೊ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ. ರಾಜ ಮತ್ತು ರಾಜ್ಯ ಎರಡೂ ಬೇರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

2. ತಪ್ಪು ಕಲ್ಪನೆ: ನಿರಂಕುಶ ರಾಜನೆಂದರೆ ಯಾವ ಕಟ್ಟುಪಾಡೂ ಇಲ್ಲದ ರಾಜ

ವಾಸ್ತವ: ಕಾನೂನು ಮಾಡುವ ಅಧಿಕಾರದಲ್ಲಿ ರಾಜನಿಗೆ ಪಾಲುದಾರರಿರಲಿಲ್ಲ ಎಂಬುದು ಆಗಿನ ಫ್ರೆಂಚ್ ಸಿದ್ಧಾಂತ. ಮನ ಬಂದಂತೆ ಆಳಬಹುದು ಎಂದು ಯಾರೂ ಹೇಳಿರಲಿಲ್ಲ. ಯುವರಾಜನಿಗೆ ಪಾಠ ಹೇಳಿದ ಬಿಷಪ್ ಬೊಸ್ಸುಯೆ ಕೂಡ ಪೂರ್ಣಾಧಿಕಾರ ಬೇರೆ, ಸ್ವೇಚ್ಛಾಚಾರ ಬೇರೆ ಎಂದು ಗೆರೆ ಎಳೆದು ಬರೆದಿದ್ದಾನೆ. ಪ್ರಜೆಗಳ ಆಸ್ತಿ, ಉತ್ತರಾಧಿಕಾರದ ನಿಯಮ, ಹಳೆಯ ಪ್ರಾಂತ್ಯಗಳ ಹಕ್ಕು ಇವುಗಳನ್ನು ರಾಜ ಮಾನ್ಯ ಮಾಡಬೇಕಿತ್ತು.

ಆಚರಣೆಯಲ್ಲಿ ಇನ್ನೂ ಹೆಚ್ಚು ತೊಡಕುಗಳಿದ್ದವು. ಪಾರ್ಲಮಾಂ ಎಂದರೆ ಶಾಸನಸಭೆಯಲ್ಲ, ಉನ್ನತ ನ್ಯಾಯಾಲಯ. ರಾಜನ ಶಾಸನ ಅಲ್ಲಿ ನೋಂದಣಿಯಾದ ಮೇಲೆ ಜಾರಿಗೆ ಬರುತ್ತಿತ್ತು. ಮೊದಲು ನೋಂದಾಯಿಸಿ, ಆಕ್ಷೇಪಣೆ ಇದ್ದರೆ ಆಮೇಲೆ ಹೇಳಿ ಎಂದು 1673ರಲ್ಲಿ ಲೂಯಿ ಕಟ್ಟಪ್ಪಣೆ ಮಾಡಿದ. ಹಾಗಿದ್ದರೂ ಆ ನ್ಯಾಯಾಲಯಗಳನ್ನು ಮುಚ್ಚುವ ಯೋಚನೆ ಅವನಿಗೆ ಬರಲಿಲ್ಲ. ಲಾಂಗ್‌ಡಾಕ್, ಬರ್ಗಂಡಿ, ಬ್ರಿಟ್ಟನಿಯಂಥ ಪ್ರಾಂತ್ಯಗಳಿಗೆ ತಮ್ಮದೇ ಸಭೆಗಳಿದ್ದವು. ಎಷ್ಟು ಹಣ ಕೊಡಬೇಕೆಂಬ ಬಗ್ಗೆ ಪ್ರತಿ ಬಾರಿಯೂ ಅಲ್ಲಿ ಮಾತುಕತೆ ನಡೆಯುತ್ತಿತ್ತು. ಲಾಂಗ್‌ಡಾಕ್‌ನ ಲೆಕ್ಕಪತ್ರಗಳನ್ನು ಜಾಲಾಡಿದ ಇತಿಹಾಸಕಾರ ವಿಲಿಯಂ ಬೈಕ್ 1985ರಲ್ಲಿ ತೋರಿಸಿದ್ದು ಇದನ್ನೇ. ಜನರಿಂದ ವಸೂಲಾದ ತೆರಿಗೆಯ ದೊಡ್ಡ ಪಾಲು ಸಂಬಳ, ಬಡ್ಡಿ, ಕಮಿಷನ್ ರೂಪದಲ್ಲಿ ಅಲ್ಲಿನ ಗಣ್ಯರ ಕೈಗೇ ಸೇರುತ್ತಿತ್ತು. ರಾಜನ ಮಾತು ನಡೆದದ್ದು ಅವರಿಗೂ ಅದರಲ್ಲಿ ಲಾಭವಿದ್ದುದರಿಂದ.

ನ್ಯಾಯಾಧೀಶರ, ಖಜಾಂಚಿಗಳ ಹುದ್ದೆಗಳು ಹಣಕ್ಕೆ ಮಾರಾಟವಾಗುತ್ತಿದ್ದವು. 1604ರಿಂದ ವರ್ಷಕ್ಕಿಷ್ಟು ಎಂದು ಕಟ್ಟಿದರೆ ಅವು ಮಗನಿಗೂ ಬರುತ್ತಿದ್ದವು. ಕೊಂಡವನಿಗೆ ಹಣ ಹಿಂತಿರುಗಿಸದೆ ಹುದ್ದೆ ಕಿತ್ತುಕೊಳ್ಳುವುದು ಸುಲಭವಿರಲಿಲ್ಲ. ರಾಜ ನೇರವಾಗಿ ನೇಮಿಸಿ, ಬೇಕಾದಾಗ ತೆಗೆಯಬಹುದಾಗಿದ್ದ ಪ್ರಾಂತಾಧಿಕಾರಿಗಳಾದ ಇಂಟೆಂಡೆಂಟರು ಇಡೀ ದೇಶಕ್ಕೆ ಸುಮಾರು 30 ಮಂದಿ. ಕಾನೂನು ಕೂಡ ಒಂದೇ ಇರಲಿಲ್ಲ: ದಕ್ಷಿಣದಲ್ಲಿ ರೋಮನ್ ಕಾನೂನು, ಉತ್ತರದಲ್ಲಿ ಊರೂರಿನ ರೂಢಿ. ಬ್ರಿಟ್ಟನಿಯಲ್ಲಿ ಉಪ್ಪಿಗೆ ತೆರಿಗೆಯಿಲ್ಲ. ಗಡಿ ದಾಟಿ ಪಕ್ಕದ ಪ್ರಾಂತ್ಯಕ್ಕೆ ಕಾಲಿಟ್ಟರೆ ಅದೇ ಉಪ್ಪು ಹಲವು ಪಟ್ಟು ದುಬಾರಿ. ಆ ಗಡಿಯುದ್ದಕ್ಕೂ ಉಪ್ಪಿನ ಕಳ್ಳಸಾಗಣೆ ನಡೆಯುತ್ತಿತ್ತು. ನಿರಂಕುಶನೆನಿಸಿದ ದೊರೆಗೆ ಸಾಯುವ ತನಕ ತನ್ನ ದೇಶದೊಳಗಿನ ಈ ಗಡಿಗಳನ್ನು ಅಳಿಸಲಾಗಲಿಲ್ಲ.

ಹಾಗೆಂದು ಅವನನ್ನು ಸಾಧು ರಾಜನೆಂದು ಎಣಿಸಬಾರದು. 1675ರಲ್ಲಿ ಹೊಸ ತೆರಿಗೆಗಳ ವಿರುದ್ಧ ಬ್ರಿಟ್ಟನಿ ಬಂಡೆದ್ದಾಗ ಸೈನ್ಯ ನುಗ್ಗಿತು, ರೈತರನ್ನು ಗಲ್ಲಿಗೇರಿಸಲಾಯಿತು, ಆ ಪ್ರಾಂತ್ಯದ ಪಾರ್ಲಮಾಂ ಅನ್ನು ರೆನ್ ನಗರದಿಂದ ವಾನ್ ಎಂಬ ಸಣ್ಣ ಊರಿಗೆ ಓಡಿಸಲಾಯಿತು. ಅದು ಹಿಂತಿರುಗಲು 15 ವರ್ಷ ಬೇಕಾಯಿತು. ಗಣ್ಯರ ಜೊತೆ ಮಾತುಕತೆ, ಬಡವರ ಮೇಲೆ ಬಲಪ್ರಯೋಗ: ಆ ಆಡಳಿತಕ್ಕೆ ಎರಡೂ ಬೇಕಿದ್ದವು.

3. ತಪ್ಪು ಕಲ್ಪನೆ: ದೇಶದ ಕುಲೀನರನ್ನೆಲ್ಲ ವರ್ಸೇಲ್ಸ್ ಅರಮನೆಯಲ್ಲಿ ಕೂಡಿಹಾಕಿ ಅವರ ಹಲ್ಲು ಕಿತ್ತ

ವಾಸ್ತವ: ಆಸ್ಥಾನ ಅಧಿಕೃತವಾಗಿ ವರ್ಸೇಲ್ಸ್‌ಗೆ ಬಂದದ್ದು 1682ರ ಮೇ 6ರಂದು. ಅಷ್ಟರಲ್ಲಾಗಲೇ ಲೂಯಿ ಪಟ್ಟಕ್ಕೆ ಬಂದು ಸುಮಾರು 39 ವರ್ಷ ಕಳೆದಿತ್ತು. ಫ್ರಾನ್ಸಿನಲ್ಲಿ ಕುಲೀನ ಮನೆತನಗಳಿಗೆ ಸೇರಿದವರ ಸಂಖ್ಯೆ 2 ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಅರಮನೆಯಲ್ಲಿ ಬಾಳಿದವರು ಅವರಲ್ಲಿ ಕೆಲವೇ ಸಾವಿರ. ಆಸ್ಥಾನದ ಅನೇಕ ಹುದ್ದೆಗಳು ಮೂರು ತಿಂಗಳ ಪಾಳಿಯವು; ಪಾಳಿ ಮುಗಿದರೆ ತಮ್ಮ ಊರಿಗೋ ಪ್ಯಾರಿಸ್ಸಿಗೋ ಸೈನ್ಯಕ್ಕೋ ಹೊರಟುಹೋಗುತ್ತಿದ್ದರು. ಹಳ್ಳಿಗಾಡಿನ ಬಹುಪಾಲು ಕುಲೀನರು ರಾಜನ ಮುಖವನ್ನೇ ಕಂಡವರಲ್ಲ.

ಬಂದವರೂ ಕೈಕಟ್ಟಿ ಕೂರಲು ಬಂದವರಲ್ಲ. ಬೆಳಗಿನ ಒಂದು ದೃಶ್ಯ ನೋಡಿ. ಎಂಟು ಗಂಟೆಯ ಹೊತ್ತಿಗೆ ಮುಖ್ಯ ಸೇವಕ ರಾಜನನ್ನು ಎಬ್ಬಿಸುತ್ತಾನೆ. ವೈದ್ಯರು ಬಂದು ಹೋಗುತ್ತಾರೆ. ಆಮೇಲೆ ಸ್ಥಾನಮಾನಕ್ಕೆ ತಕ್ಕಂತೆ ತಂಡ ತಂಡವಾಗಿ ಒಳಗೆ ಪ್ರವೇಶ. ಅಂಗಿ ತೊಡಿಸುವಾಗ ಬಲತೋಳನ್ನು ಒಬ್ಬ ಹಿಡಿಯಬೇಕು, ಎಡತೋಳನ್ನು ಇನ್ನೊಬ್ಬ. ಅಂಗಿಯನ್ನು ಕೊಡುವ ಗೌರವ ಹಾಜರಿದ್ದವರಲ್ಲಿ ಅತಿ ಎತ್ತರದ ಸ್ಥಾನದವನಿಗೆ. ರಾತ್ರಿ ಮಲಗುವಾಗ ಮೇಣದಬತ್ತಿ ಹಿಡಿಯುವ ಅವಕಾಶವೂ ಒಂದು ಬಹುಮಾನ. ಈಗ ನೋಡಿದರೆ ಇದು ದಾಸ್ಯದಂತೆ ಕಾಣುತ್ತದೆ. ಆದರೆ ಆ ಕೋಣೆಯಲ್ಲಿ ನಿಂತವನಿಗೆ ರಾಜನ ಕಿವಿ ಸಿಗುತ್ತಿತ್ತು: ಮಗನಿಗೆ ಸೇನೆಯಲ್ಲಿ ತುಕಡಿ, ತಮ್ಮನಿಗೆ ಬಿಷಪ್ ಪದವಿ, ಅಳಿಯನಿಗೆ ವರ್ಷಾಶನ. ದೊಡ್ಡ ಮನೆತನಗಳು ಇದನ್ನು ಬಯಸಿ, ಪೈಪೋಟಿ ಮಾಡಿ ಪಡೆದವು. ಕುಲೀನರನ್ನು ಹತ್ತಿಕ್ಕಿದ್ದಕ್ಕಿಂತ ಹೆಚ್ಚಾಗಿ ಅವರನ್ನು ಅಧಿಕಾರದ ಪಾಲುದಾರರನ್ನಾಗಿ ಮಾಡಿಕೊಂಡ ವ್ಯವಸ್ಥೆ ಅದು. ಬಾಲ್ಯದಲ್ಲಿ, 1648ರಿಂದ 1653ರವರೆಗೆ ನಡೆದ ಫ್ರಾಂಡ್ ದಂಗೆಯಲ್ಲಿ ನ್ಯಾಯಾಧೀಶರೂ ರಾಜಕುಮಾರರೂ ತಿರುಗಿಬಿದ್ದುದನ್ನು, 1649ರ ಜನವರಿಯ ಒಂದು ರಾತ್ರಿ ತಾಯಿಯೊಂದಿಗೆ ತಾನು ಪ್ಯಾರಿಸ್ ಬಿಟ್ಟು ಓಡಬೇಕಾದುದನ್ನು ಲೂಯಿ ಮರೆಯಲಿಲ್ಲ. ದೊಡ್ಡವರ ಸ್ನೇಹ ಎಷ್ಟು ಮುಖ್ಯವೆಂಬ ಪಾಠ ಅಲ್ಲಿಯದು.

4. ತಪ್ಪು ಕಲ್ಪನೆ: ಕುಣಿತ, ಬೇಟೆ, ಪ್ರೇಯಸಿಯರ ನಡುವೆ ಮುಳುಗಿದ್ದ ಭೋಗಿ, ರಾಜ್ಯಭಾರ ಮಂತ್ರಿಗಳದ್ದು

ವಾಸ್ತವ: ಅವನು ಕುಣಿದದ್ದು ನಿಜ, 1653ರ ಬ್ಯಾಲೆಯೊಂದರಲ್ಲಿ ಸೂರ್ಯದೇವ ಅಪೊಲೊ ಆಗಿ. ಪ್ರೇಯಸಿಯರಿದ್ದದ್ದೂ ನಿಜ. ಆದರೆ ಯುರೋಪಿನ ದೊರೆಗಳಲ್ಲಿ ಅವನಷ್ಟು ನಿಯಮಿತವಾಗಿ ಕಡತಗಳ ಮುಂದೆ ಕೂತವರು ಕಡಿಮೆ. 1661ರ ಮಾರ್ಚ್ 9ರಂದು ಮುಖ್ಯಮಂತ್ರಿ ಮಜಾರಿನ್ ತೀರಿಕೊಂಡ. ಮರುದಿನವೇ 22 ವರ್ಷದ ರಾಜ, ಇನ್ನು ಮುಂದೆ ಮುಖ್ಯಮಂತ್ರಿ ಎಂಬುವನೇ ಇರುವುದಿಲ್ಲ, ತನ್ನ ಅಪ್ಪಣೆಯಿಲ್ಲದೆ ಯಾವ ಕಾಗದಕ್ಕೂ ಮೊಹರು ಬೀಳಕೂಡದು ಎಂದ. ಇದು ನಾಲ್ಕು ದಿನದ ಉತ್ಸಾಹವೆಂದು ಆಸ್ಥಾನ ಅಂದುಕೊಂಡಿತು. ಅದು 54 ವರ್ಷ ನಡೆಯಿತು. ವಾರದ ಇಂಥ ದಿನ ಇಂಥ ಮಂತ್ರಾಲೋಚನೆ ಎಂಬ ವೇಳಾಪಟ್ಟಿ. ಸಂಜೆ ಮಂತ್ರಿಗಳ ಜೊತೆ ಒಬ್ಬೊಬ್ಬರಾಗಿ ಕೆಲಸ. ಸಂಧಿವಾತದಿಂದ ನರಳುವಾಗಲೂ ಅದು ತಪ್ಪುತ್ತಿರಲಿಲ್ಲ.

ಇದರ ಇನ್ನೊಂದು ತುದಿಯ ತಪ್ಪೂ ಇದೆ: ಎಲ್ಲವನ್ನೂ ಅವನೊಬ್ಬನೇ ಮಾಡಿದ ಎಂಬುದು. ಹಣಕಾಸು, ಕೈಗಾರಿಕೆ, ನೌಕಾಪಡೆಯ ಹಿಂದೆ ಕೋಲ್ಬರ್ಟ್ ಇದ್ದ. ಸೈನ್ಯದ ಹಿಂದೆ ಲೆ ತೆಲ್ಲಿಯೆ ಮತ್ತವನ ಮಗ ಲೂವ್ವಾ. ಕೋಟೆಗಳ ಹಿಂದೆ ವೋಬಾಂ. ತಾಯಿ, ತಮ್ಮ, ರಾಜವಂಶದ ಬಂಧುಗಳು ಯಾರಿಗೂ ಮುಖ್ಯ ಮಂತ್ರಾಲೋಚನೆಯಲ್ಲಿ ಜಾಗ ಕೊಡದೆ, ತಾನೇ ಬೆಳೆಸಿದ ಕೆಲವೇ ಮಂದಿಯನ್ನು ಕೂರಿಸಿಕೊಂಡದ್ದು ಲೂಯಿಯ ಜಾಣತನ. ಕೋಲ್ಬರ್ಟನ ಮನೆತನವೂ ಲೆ ತೆಲ್ಲಿಯೆಯ ಮನೆತನವೂ ಒಂದನ್ನೊಂದು ಕಾಯುತ್ತಾ ಇದ್ದುದು ಅವನಿಗೆ ಅನುಕೂಲವೇ ಆಯಿತು.

5. ತಪ್ಪು ಕಲ್ಪನೆ: ವರ್ಸೇಲ್ಸ್ ಅರಮನೆ ಕಟ್ಟಿಯೇ ಬೊಕ್ಕಸ ಬರಿದಾಯಿತು

ವಾಸ್ತವ: ಅರಮನೆಗೆ ಸುರಿದ ಹಣ ಸಣ್ಣದಲ್ಲ. ತಂದೆ ಕಟ್ಟಿಸಿದ್ದ ಬೇಟೆಯ ಬಿಡಾರ ನೂರಾರು ಕೋಣೆಗಳ ಸೌಧವಾಯಿತು. 73 ಮೀಟರ್ ಉದ್ದದ ಕನ್ನಡಿಗಳ ಹಜಾರದಲ್ಲಿ 357 ಕನ್ನಡಿಗಳನ್ನು ಕೂರಿಸಿದರು. 1680ರ ದಶಕದಲ್ಲಿ ಅಲ್ಲಿ ಒಮ್ಮೆಗೇ 30 ಸಾವಿರಕ್ಕೂ ಹೆಚ್ಚು ಜನ ದುಡಿದದ್ದುಂಟು. ಹಾಗಿದ್ದರೂ ಕಟ್ಟಡ ಇಲಾಖೆಯ ಲೆಕ್ಕಗಳನ್ನು ಕೂಡಿಸಿದ ಇತಿಹಾಸಕಾರರು, ಇಡೀ ಆಳ್ವಿಕೆಯಲ್ಲಿ ವರ್ಸೇಲ್ಸ್‌ಗೆ ಆದ ವೆಚ್ಚ ಸುಮಾರು 8 ಕೋಟಿ ಲಿವ್ರ್ (ಆ ಕಾಲದ ಫ್ರೆಂಚ್ ಹಣ) ಎನ್ನುತ್ತಾರೆ. ಸ್ಪೇನ್ ಉತ್ತರಾಧಿಕಾರ ಯುದ್ಧದ (1701-14) ಕೊನೆಯ ಭಾಗದಲ್ಲಿ ಒಂದೇ ವರ್ಷದ ಸರ್ಕಾರಿ ಖರ್ಚು 20 ಕೋಟಿ ಲಿವ್ರ್ ದಾಟುತ್ತಿತ್ತು. ಬೊಕ್ಕಸವನ್ನು ನುಂಗಿದ್ದು ಯುದ್ಧ.

1667-68, 1672-78, 1688-97, 1701-14: ನಾಲ್ಕು ದೊಡ್ಡ ಯುದ್ಧಗಳು. 1690ರ ದಶಕದಲ್ಲಿ ಸೈನ್ಯ ಕಾಗದದ ಮೇಲೆ 4 ಲಕ್ಷ ಮುಟ್ಟಿತು. ವಾಸ್ತವದಲ್ಲಿ ಸುಮಾರು 3.4 ಲಕ್ಷ. ಯುದ್ಧದ ಹಸಿವು ಅರಮನೆಯನ್ನೂ ಬಿಡಲಿಲ್ಲ. ಕನ್ನಡಿಗಳ ಹಜಾರದಲ್ಲಿ ಬೆಳ್ಳಿಯ ಮೇಜು, ಬೆಳ್ಳಿಯ ದೀಪಸ್ತಂಭ, ಬೆಳ್ಳಿಯ ಕುಂಡಗಳಿದ್ದವು. 1689ರ ಡಿಸೆಂಬರಿನಲ್ಲಿ ರಾಜ ಅವನ್ನೆಲ್ಲ ಟಂಕಸಾಲೆಗೆ ಕಳಿಸಿದ. ಸುಮಾರು 20 ಟನ್ ಬೆಳ್ಳಿ ಕರಗಿತು. ಕುಸುರಿ ಕೆಲಸದ ಬೆಲೆ ಬೆಂಕಿಗೆ ಹೋಗಿ, ಮಾಡಿಸಲು ತಗುಲಿದ್ದರಲ್ಲಿ ಅಲ್ಪ ಭಾಗವಷ್ಟೇ ಕೈಗೆ ಬಂತು. ಇಂದು ಅಲ್ಲಿಗೆ ಹೋಗುವವರಿಗೆ ಆ ಬೆಳ್ಳಿಯ ಪೀಠೋಪಕರಣ ಕಾಣಸಿಗದಿರಲು ಇದೇ ಕಾರಣ.

6. ತಪ್ಪು ಕಲ್ಪನೆ: ಜೀವಮಾನದಲ್ಲಿ ಎರಡೋ ಮೂರೋ ಸಲ ಮಾತ್ರ ಸ್ನಾನ ಮಾಡಿದ ರಾಜ

ವಾಸ್ತವ: ವರ್ಸೇಲ್ಸ್‌ನಲ್ಲಿ 1670ರ ದಶಕದಲ್ಲಿ ಅವನು ಸ್ನಾನಗೃಹಗಳದೇ ಒಂದು ಅಂಕಣ ಕಟ್ಟಿಸಿದ್ದ. ಒಂದೇ ಅಮೃತಶಿಲೆಯಲ್ಲಿ ಕಡೆದ ಅಲ್ಲಿನ ಎಂಟು ಮೂಲೆಯ ತೊಟ್ಟಿ ಈಗಲೂ ಉಳಿದಿದೆ. ಹರೆಯದಲ್ಲಿ ನದಿಯಲ್ಲಿ ಈಜುತ್ತಿದ್ದ. ಬಿಸಿನೀರು ಚರ್ಮದ ರಂಧ್ರಗಳನ್ನು ತೆರೆದು ರೋಗವನ್ನು ಒಳಗೆ ಬಿಡುತ್ತದೆಂದು ಆ ಕಾಲದ ವೈದ್ಯರು ನಂಬಿದ್ದರಿಂದ ಮೈತುಂಬ ಮೀಯುವುದು ದಿನನಿತ್ಯದ ರೂಢಿಯಾಗಿರಲಿಲ್ಲ, ಅಷ್ಟೇ. ಅದರ ಬದಲು ಸುವಾಸಿತ ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತಿದ್ದರು; ಒಳಅಂಗಿಯನ್ನು ದಿನಕ್ಕೆ ಹಲವು ಬಾರಿ ಬದಲಿಸುತ್ತಿದ್ದರು.

7. ತಪ್ಪು ಕಲ್ಪನೆ: ಕುಲೀನರು ಬಿಡಿಗಾಸು ತೆರಿಗೆಯನ್ನೂ ಕೊಡುತ್ತಿರಲಿಲ್ಲ

ವಾಸ್ತವ: ಮುಖ್ಯ ನೇರ ತೆರಿಗೆಯಾದ ತಾಯ್‌ನಿಂದ ಅವರಿಗೆ ವಿನಾಯಿತಿ ಇದ್ದದ್ದು ನಿಜ. ಆದರೆ ದಕ್ಷಿಣದ ಹಲವೆಡೆ ಅದು ಆಳಿನ ಮೇಲಲ್ಲ, ಜಮೀನಿನ ಮೇಲೆ ಬೀಳುತ್ತಿತ್ತು. ಸಾಮಾನ್ಯ ಜಮೀನು ಹಿಡಿದ ಕುಲೀನನೂ ಕಟ್ಟಬೇಕಿತ್ತು. ಇದಕ್ಕಿಂತ ದೊಡ್ಡ ಸಂಗತಿ 1695ರ ಜನವರಿಯದು. ಯುದ್ಧ ಮತ್ತು ಕ್ಷಾಮದ ನಡುವೆ ರಾಜ ತಲೆಗಂದಾಯ ಹೊರಡಿಸಿದ. ಇಡೀ ದೇಶವನ್ನು 22 ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಗೆ 2,000 ಲಿವ್ರ್, ಕೊನೆಯ ದರ್ಜೆಗೆ 1 ಲಿವ್ರ್. ಆ ಮೊದಲ ದರ್ಜೆಯಲ್ಲಿ ಯುವರಾಜನ ಹೆಸರೇ ಇತ್ತು. ಅವನ ಸಾಲಿನಲ್ಲೇ, ಹುಟ್ಟಿನಿಂದ ಸಾಮಾನ್ಯರಾಗಿದ್ದರೂ ಹಣದಿಂದ ಮೇಲೇರಿದ್ದ ಕಂದಾಯ ಗುತ್ತಿಗೆದಾರರನ್ನು ಕೂರಿಸಲಾಗಿತ್ತು. 1710ರಲ್ಲಿ ಆದಾಯದ ಹತ್ತನೇ ಒಂದು ಪಾಲಿನ ತೆರಿಗೆಯೂ ಬಂತು. ಪಾದ್ರಿಗಳು ಒಟ್ಟು ಮೊತ್ತ ಕೊಟ್ಟು ಪಾರಾದರು. ಬಲ್ಲಿದರು ತಮ್ಮ ಪಾಲನ್ನು ಕಡಿಮೆ ಮಾಡಿಸಿಕೊಂಡರು. ಭಾರ ಕೊನೆಗೆ ಉಳುವವನ ಮೇಲೆಯೇ ಬಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಎಲ್ಲರೂ ಒಂದೇ ರೀತಿ ತೆರಿಗೆ ಕೊಡಬೇಕೆಂದು ವಾದಿಸಿ ವೋಬಾಂ 1707ರಲ್ಲಿ ಪುಸ್ತಕ ಅಚ್ಚು ಹಾಕಿಸಿದಾಗ, ಜೀವವಿಡೀ ರಾಜನಿಗಾಗಿ ಕೋಟೆ ಕಟ್ಟಿದ ಆ ಮುದುಕನ ಪುಸ್ತಕವನ್ನೂ ನಿಷೇಧಿಸಿದರು.

8. ತಪ್ಪು ಕಲ್ಪನೆ: 1685ರಲ್ಲಿ ಪ್ರಾಟೆಸ್ಟೆಂಟರನ್ನು ದೇಶದಿಂದ ಹೊರಹಾಕಿದ

ವಾಸ್ತವ: ನಡೆದದ್ದು ಇದಕ್ಕಿಂತ ಕ್ರೂರ. ಹ್ಯೂಗೆನಾಟ್ ಎಂದು ಕರೆಸಿಕೊಂಡ ಫ್ರೆಂಚ್ ಪ್ರಾಟೆಸ್ಟೆಂಟರಿಗೆ ಪೂಜಾಸ್ವಾತಂತ್ರ್ಯ ಕೊಟ್ಟಿದ್ದ 1598ರ ನಾಂಟ್ ಶಾಸನವನ್ನು ಲೂಯಿ 1685ರ ಅಕ್ಟೋಬರಿನಲ್ಲಿ ರದ್ದು ಮಾಡಿದ. ಮತ ಬದಲಿಸಲೊಪ್ಪದ ಪಾದ್ರಿಗಳು 15 ದಿನದಲ್ಲಿ ದೇಶ ಬಿಡಬೇಕು. ಉಳಿದವರು ಬಿಡುವ ಹಾಗೇ ಇಲ್ಲ. ಗಡಿಯಲ್ಲಿ ಸಿಕ್ಕಿಬಿದ್ದ ಗಂಡಸಿಗೆ ಯುದ್ಧನೌಕೆಯಲ್ಲಿ ಸರಪಳಿ ಹಾಕಿಸಿಕೊಂಡು ಹುಟ್ಟು ಹಾಕುವ ಶಿಕ್ಷೆ, ಹೆಂಗಸಿಗೆ ಸೆರೆ. ಆರಾಧನೆ ಮಾಡುವಂತಿಲ್ಲ, ಶಾಲೆ ನಡೆಸುವಂತಿಲ್ಲ, ಹುಟ್ಟುವ ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆ ಕೊಡಿಸಲೇಬೇಕು. ಅದಕ್ಕೂ ಮುನ್ನ, 1681ರಿಂದಲೇ, ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ, ಮತ ಬದಲಿಸುವ ತನಕ ಕಾಡಲಾಗಿತ್ತು.

ಸುಮಾರು 8 ಲಕ್ಷ ಜನರಲ್ಲಿ 1.5 ಲಕ್ಷದಿಂದ 2 ಲಕ್ಷದವರೆಗೆ ಜೀವ ಪಣಕ್ಕಿಟ್ಟು ತಪ್ಪಿಸಿಕೊಂಡರು. ಹಾಲೆಂಡ್, ಇಂಗ್ಲೆಂಡ್, ಬ್ರಾಂಡೆನ್‌ಬರ್ಗ್, ಆಫ್ರಿಕದ ತುದಿಯ ಕೇಪ್ ವಸಾಹತು ಅವರಿಗೆ ನೆಲೆ ಕೊಟ್ಟವು. ಉಳಿದವರು ಹೊರಗೆ ಕ್ಯಾಥೊಲಿಕ್ಕರಾಗಿ, ಒಳಗೆ ತಮ್ಮ ಮತವನ್ನು ಬಚ್ಚಿಟ್ಟುಕೊಂಡು ಬದುಕಿದರು. 1702ರಲ್ಲಿ ಸೆವೆನ್ ಗುಡ್ಡಗಾಡಿನ ರೈತರು, ನೇಕಾರರು ಬಂಡೆದ್ದರು. ಯುರೋಪನ್ನು ನಡುಗಿಸಿದ ಸೈನ್ಯ ಎರಡು ವರ್ಷ ಹೆಣಗಿತು; ಕೊನೆಗೆ ಸೇನಾಪತಿ ವಿಲ್ಲಾರ್ ಬಂಡುಕೋರರ ನಾಯಕನೊಂದಿಗೆ ಮಾತುಕತೆಗೆ ಕೂರಬೇಕಾಯಿತು.

ಇದನ್ನು ರಾಜನೊಬ್ಬನ ಹಟವೆಂದು ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಶಾಸನ ರದ್ದಾದಾಗ ಪಾದ್ರಿಗಳು, ಕವಿಗಳು, ನ್ಯಾಯಾಲಯಗಳು, ಬೀದಿಯ ಜನ ಹರ್ಷಪಟ್ಟರು. ಅದನ್ನು ಹಿಂತೆಗೆದುಕೊಳ್ಳಿ ಎಂದು ಬರೆದುಕೊಟ್ಟ ವೋಬಾಂನಂಥವರು ಬೆರಳೆಣಿಕೆಯಷ್ಟು. ಬಹುಸಂಖ್ಯಾತರ ಒಪ್ಪಿಗೆ ಸಿಕ್ಕಿದ ಕಾರಣಕ್ಕೇ ಈ ಅನ್ಯಾಯ ಅಷ್ಟು ಸುಲಭವಾಗಿ ಜಾರಿಗೆ ಬಂತು.

9. ತಪ್ಪು ಕಲ್ಪನೆ: ಕಬ್ಬಿಣದ ಮುಖವಾಡದ ಕೈದಿ ಲೂಯಿಯ ಅವಳಿ ಸೋದರ

ವಾಸ್ತವ: ಕೈದಿ ಇದ್ದ, ಅವಳಿ ಇರಲಿಲ್ಲ. ಬಾಸ್ಟೀಲ್ ಸೆರೆಮನೆಯ ಅಧಿಕಾರಿ ದ್ಯು ಜುಂಕಾ 1698ರಲ್ಲಿ ಮುಖವಾಡ ಹಾಕಿದ ಕೈದಿಯೊಬ್ಬ ಬಂದದ್ದನ್ನು, 1703ರ ನವೆಂಬರ್ 19ರಂದು ಅವನು ಸತ್ತದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮುಖವಾಡ ಕಪ್ಪು ಮಖಮಲ್ಲಿನದು. ಅದಕ್ಕೆ ಕಬ್ಬಿಣ ತೊಡಿಸಿ, ಕೈದಿ ರಾಜನ ಅಣ್ಣನಿರಬೇಕೆಂಬ ಸುಳಿವು ಹಬ್ಬಿಸಿದವನು ವೊಲ್ಟೇರ್. ಅವಳಿಯ ಕಥೆಗೆ ಜಗತ್ತಿನಾದ್ಯಂತ ಓದುಗರನ್ನು ತಂದುಕೊಟ್ಟವನು ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ. 1669ರಲ್ಲಿ ಬಂಧಿತನಾಗಿ ಪಿನ್ಯೆರಾಲ್ ಕೋಟೆ ಸೇರಿದ ಯೂಸ್ತಾಶ್ ದೊಜೆ ಎಂಬವನೇ ಈತ ಎಂದು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. 23 ವರ್ಷ ಮಕ್ಕಳಿಲ್ಲದ ರಾಣಿ ಲೂಯಿಯನ್ನು ಹೆತ್ತಾಗ, ಪದ್ಧತಿಯಂತೆ ಆಸ್ಥಾನದವರು ಸಾಕ್ಷಿಯಾಗಿ ನೆರೆದಿದ್ದರು. ಎರಡನೆಯ ಮಗುವನ್ನು ಅವರ ಕಣ್ಣಿಗೆ ಮರೆಮಾಚುವುದು ಆಗದ ಮಾತು.

10. ತಪ್ಪು ಕಲ್ಪನೆ: ಸದಾ ಗೆಲ್ಲುತ್ತಿದ್ದ, ಪ್ರಜೆಗಳಿಗೆ ಉತ್ತರ ಹೇಳಬೇಕಾಗಿಲ್ಲದ ರಾಜ

ವಾಸ್ತವ: 1661ರ ನಂತರದ ಮೊದಲ ಮೂವತ್ತು ವರ್ಷಗಳಲ್ಲಿ ಲೀಲ್, ಫ್ರಾಂಶ್-ಕೋಂತೆ, ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಪಾಲಾದವು, ಇಂದು ಆ ದೇಶದಲ್ಲೇ ಇವೆ. ಆಮೇಲಿನ ಕಥೆ ಬೇರೆ. 1693-94ರ ಕ್ಷಾಮ ಮತ್ತು ರೋಗ ಸುಮಾರು 13 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು ಎಂದು ಊರೂರಿನ ಇಗರ್ಜಿಗಳ ದಾಖಲೆ ಲೆಕ್ಕ ಹಾಕಿದವರು ಹೇಳುತ್ತಾರೆ. 1709ರ ಜನವರಿಯಲ್ಲಿ ಬಂದ ಚಳಿಗೆ ನದಿಗಳು ಹೆಪ್ಪುಗಟ್ಟಿದವು, ದಕ್ಷಿಣದ ಆಲಿವ್ ಮರಗಳು ಸತ್ತವು, ನೆಲದೊಳಗಿನ ಗೋಧಿಯ ಮೊಳಕೆ ಕರಟಿತು. ಬೇಸಿಗೆಯ ಹೊತ್ತಿಗೆ ರೊಟ್ಟಿಗಾಗಿ ಗಲಭೆ. ಸೈನ್ಯ ಸೋಲಿನ ಮೇಲೆ ಸೋಲು ಕಂಡಿತ್ತು.

ಲೂಯಿ ಶಾಂತಿ ಬೇಡಿದ. ಸ್ಪೇನಿನ ಸಿಂಹಾಸನದಲ್ಲಿ ಕೂತಿದ್ದ ಅವನ ಮೊಮ್ಮಗನನ್ನು ಕೆಳಗಿಳಿಸುವ ಹೊಣೆ ಅವನ ಮೇಲೆಯೇ ಬೀಳುವಂಥ ಷರತ್ತನ್ನು ಶತ್ರುಗಳು ಒಡ್ಡಿದರು. ಆಗ ಅವನು ಮಾಡಿದ್ದು ನಿರಂಕುಶ ರಾಜನ ಬಗೆಗಿನ ನಮ್ಮ ಕಲ್ಪನೆಗೆ ಹೊಂದುವುದೇ ಇಲ್ಲ. 1709ರ ಜೂನ್ 12ರಂದು ಪ್ರಾಂತ್ಯಗಳ ಗವರ್ನರುಗಳಿಗೆ ಪತ್ರ ಬರೆದು, ಶಾಂತಿ ಏಕೆ ಮುರಿದುಬಿತ್ತು, ತಾನು ಎಷ್ಟೆಲ್ಲ ಬಿಟ್ಟುಕೊಡಲು ಸಿದ್ಧನಿದ್ದೆ ಎಂಬುದನ್ನು ಜನರಿಗೆ ತಿಳಿಸಿ ಎಂದ. ಆ ಪತ್ರ ಅಚ್ಚಾಗಿ ದೇಶದಾದ್ಯಂತ ಹಂಚಿಕೆಯಾಯಿತು. ಹಸಿದ ಪ್ರಜೆಗಳ ಮುಂದೆ ರಾಜ ಕಾರಣ ಹೇಳಿಕೊಳ್ಳಬೇಕಾಯಿತು, ಏಕೆಂದರೆ ಅವರ ಸಹಕಾರವಿಲ್ಲದೆ ಮುಂದಿನ ಒಂದು ಕಾಳಗವೂ ನಡೆಯುತ್ತಿರಲಿಲ್ಲ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಮೊಮ್ಮಗ ಸ್ಪೇನಿನ ರಾಜನಾಗಿ ಉಳಿದ; ಆ ಬೂರ್ಬೊನ್ ವಂಶ ಇಂದಿಗೂ ಅಲ್ಲಿ ಸಿಂಹಾಸನದಲ್ಲಿದೆ. ಫ್ರಾನ್ಸಿಗೆ ಉಳಿದದ್ದು 200 ಕೋಟಿ ಲಿವ್ರ್‌ಗೂ ಮೀರಿದ ಸಾಲ.

11. ತಪ್ಪು ಕಲ್ಪನೆ: ಅವನ ದುಂದುವೆಚ್ಚವೇ ಫ್ರೆಂಚ್ ಕ್ರಾಂತಿಗೆ ಕಾರಣ

ವಾಸ್ತವ: ಇಲ್ಲಿ ಲೂಯಿಗಳು ಒಬ್ಬರೊಳಗೊಬ್ಬರು ಬೆರೆತುಹೋಗುತ್ತಾರೆ. 14ನೇ ಲೂಯಿಯ ನಂತರ ಪಟ್ಟಕ್ಕೆ ಬಂದವನು ಐದು ವರ್ಷದ ಮರಿಮಗ, 15ನೇ ಲೂಯಿ. ಕ್ರಾಂತಿಯಲ್ಲಿ ತಲೆ ಕಳೆದುಕೊಂಡ 16ನೇ ಲೂಯಿ ಆ 15ನೆಯವನ ಮೊಮ್ಮಗ. 16ನೆಯವನ ರಾಣಿ ಮೇರಿ ಅಂಟೊನೆಟ್ ಹುಟ್ಟಿದ್ದು 14ನೇ ಲೂಯಿ ಸತ್ತು 40 ವರ್ಷವಾದ ಮೇಲೆ. ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ದರ್ಶನ ಪಡೆದದ್ದು 1788ರ ಆಗಸ್ಟಿನಲ್ಲಿ, 16ನೇ ಲೂಯಿಯ ಮುಂದೆ. 14ನೆಯವನ ಕಾಲಕ್ಕೆ ಸೇರುವುದು ಕೋಲ್ಬರ್ಟ್ 1664ರಲ್ಲಿ ಕಟ್ಟಿದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ, 1674ರಲ್ಲಿ ಪುದುಚೇರಿಯಲ್ಲಿ ಊರಿದ ಕಾಲು.

ಅವನು ಬಿಟ್ಟುಹೋದ ಸಾಲದ ದೊಡ್ಡ ಭಾಗವನ್ನು ಅವನು ಸತ್ತ ಕೆಲವೇ ವರ್ಷಗಳಲ್ಲಿ ಕಡಿತ ಮಾಡಿ, ಮರುಹೊಂದಿಸಿ ಇಳಿಸಲಾಯಿತು. 1780ರ ದಶಕದಲ್ಲಿ ದೇಶವನ್ನು ದಿವಾಳಿ ಮಾಡಿದ್ದು ಸಪ್ತವಾರ್ಷಿಕ ಯುದ್ಧ ಮತ್ತು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಎತ್ತಿದ ಸಾಲ. ಕೊಂಡ ಹುದ್ದೆಗಳು, ಹುಟ್ಟಿನಿಂದ ಬಂದ ವಿನಾಯಿತಿಗಳು, ಪ್ರಾಂತ್ಯಕ್ಕೊಂದು ನಿಯಮ ಇವನ್ನೆಲ್ಲ ಲೂಯಿ ಮುಟ್ಟದೆ ಬಿಟ್ಟದ್ದು ಮುಂದಿನವರಿಗೆ ತೊಡಕಾಯಿತು, ಅದು ನಿಜ. ಆದರೆ 1715ಕ್ಕೂ 1789ಕ್ಕೂ ನಡುವಿನ 74 ವರ್ಷಗಳಲ್ಲಿ ನಿರ್ಧಾರ ತೆಗೆದುಕೊಂಡವರು ಬೇರೆಯವರು.

12. ತಪ್ಪು ಕಲ್ಪನೆ: ಅವನ ಮಾತೇ ಕೊನೆಯ ಮಾತು

ವಾಸ್ತವ: ಮುಪ್ಪಿನಲ್ಲಿ ಮಗ, ಮೊಮ್ಮಗ, ಮರಿಮಗ ಒಬ್ಬರ ಹಿಂದೊಬ್ಬರು ತೀರಿಹೋದರು. ವಂಶ ನಿಲ್ಲುವುದೋ ಇಲ್ಲವೋ ಎಂಬ ಭಯದಲ್ಲಿ ಲೂಯಿ 1714ರಲ್ಲಿ, ಪ್ರೇಯಸಿಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೂ ಸಿಂಹಾಸನದ ಹಕ್ಕು ಕೊಟ್ಟ. ಮರಿಮಗ ದೊಡ್ಡವನಾಗುವ ತನಕ ಆಡಳಿತ ಹೇಗಿರಬೇಕೆಂದು ಉಯಿಲು ಬರೆದು, ಮೊಹರು ಹಾಕಿ, ಪ್ಯಾರಿಸ್ಸಿನ ಪಾರ್ಲಮಾಂ ವಶಕ್ಕೆ ಕೊಟ್ಟ. ರಾಜನ ತಮ್ಮನ ಮಗನಾದ ಓರ್ಲಿಯನ್ಸ್ ಡ್ಯೂಕ್ ರಾಜಪ್ರತಿನಿಧಿಯಾಗಿ ಪೂರ್ಣ ಅಧಿಕಾರ ಪಡೆಯದಂತೆ ಅದರಲ್ಲಿ ಕಟ್ಟುಪಾಡುಗಳಿದ್ದವು.

ಲೂಯಿ ಸತ್ತದ್ದು ಸೆಪ್ಟೆಂಬರ್ 1ರ ಬೆಳಿಗ್ಗೆ. ಸೆಪ್ಟೆಂಬರ್ 2ರಂದು ಅದೇ ಪಾರ್ಲಮಾಂ ಉಯಿಲು ಒಡೆದು ಓದಿ, ಅದರ ಮುಖ್ಯ ಕಟ್ಟುಪಾಡುಗಳನ್ನು ತಳ್ಳಿಹಾಕಿತು. ಓರ್ಲಿಯನ್ಸ್ ಡ್ಯೂಕ್‌ಗೆ ಪೂರ್ಣ ಅಧಿಕಾರ ಸಿಕ್ಕಿತು. ಪ್ರತಿಯಾಗಿ ಆತ ಶಾಸನ ನೋಂದಾಯಿಸುವ ಮೊದಲೇ ಆಕ್ಷೇಪಣೆ ಎತ್ತುವ ಹಕ್ಕನ್ನು, 1673ರಲ್ಲಿ ಲೂಯಿ ಮೊಟಕುಗೊಳಿಸಿದ್ದ ಆ ಹಕ್ಕನ್ನು, ನ್ಯಾಯಾಧೀಶರಿಗೆ ಹಿಂತಿರುಗಿಸಿದ. 1717ರಲ್ಲಿ ಅಕ್ರಮ ಸಂತಾನದ ಸಿಂಹಾಸನದ ಹಕ್ಕೂ ರದ್ದಾಯಿತು. ಕಿರೀಟ ರಾಜನ ಸ್ವಂತ ಸೊತ್ತಲ್ಲ, ಯಾರಿಗೆಂದರೆ ಅವರಿಗೆ ಕೊಡಲು ಬಾರದು ಎಂಬುದು ಕಾರಣ. ಲೂಯಿಗೆ ಇದು ಹೊಸತಾಗಿರಲಿಕ್ಕಿಲ್ಲ. 1643ರ ಮೇ ತಿಂಗಳಲ್ಲಿ ಅವನ ಸ್ವಂತ ತಂದೆಯ ಕೊನೆಯ ಏರ್ಪಾಡನ್ನೂ ಇದೇ ಪಾರ್ಲಮಾಂ ಪಕ್ಕಕ್ಕಿಟ್ಟು, ಅವನ ತಾಯಿಗೆ ಪೂರ್ಣ ಅಧಿಕಾರ ಕೊಟ್ಟಿತ್ತು.

ಹಾಗಾದರೆ ಇವನ ಆಳ್ವಿಕೆಯಿಂದ ತಿಳಿಯಬೇಕಾದದ್ದೇನು?

ಬಲಿಷ್ಠ ಆಳ್ವಿಕೆ ಎಂದರೆ ಒಬ್ಬ ಬಲಶಾಲಿಯ ಕೆಲಸ ಎಂದು ನಾವು ಬೇಗ ನಂಬಿಬಿಡುತ್ತೇವೆ. ಹೊಗಳುವವರಿಗೆ ಅದು ಅನುಕೂಲ: ಗೆದ್ದ ಕೋಟೆ, ಕಟ್ಟಿದ ಅರಮನೆ ಎಲ್ಲವೂ ಅವನದೇ ಎನ್ನಬಹುದು. ತೆಗಳುವವರಿಗೂ ಅನುಕೂಲ: ಬ್ರಿಟ್ಟನಿಯ ನೇಣು, ಹ್ಯೂಗೆನಾಟರ ಸರಪಳಿ, 1694ರ ಹೆಣಗಳ ರಾಶಿ ಎಲ್ಲಕ್ಕೂ ಅವನೊಬ್ಬನನ್ನೇ ಹೊಣೆ ಮಾಡಿ ಉಳಿದವರನ್ನು ಬಿಟ್ಟುಬಿಡಬಹುದು. ದಾಖಲೆಗಳು ಇವೆರಡಕ್ಕೂ ಒಪ್ಪುವುದಿಲ್ಲ. ತೆರಿಗೆಯಲ್ಲಿ ಪಾಲು ಪಡೆದ ಪ್ರಾಂತ್ಯದ ಗಣ್ಯರು, ಹುದ್ದೆ ಕೊಂಡ ನ್ಯಾಯಾಧೀಶರು, ಸೈನ್ಯಕ್ಕೆ ಸಾಲ ಕೊಟ್ಟ ಗುತ್ತಿಗೆದಾರರು, ನಾಂಟ್ ಶಾಸನ ರದ್ದಾದಾಗ ಸಂಭ್ರಮಿಸಿದ ಸಾಮಾನ್ಯರು ಇಲ್ಲದಿದ್ದರೆ 14ನೇ ಲೂಯಿ ಇತಿಹಾಸದ ಲೂಯಿ ಆಗುತ್ತಿರಲಿಲ್ಲ. ಯಾವ ದೇಶದ ಯಾವ ಕಾಲದ ಆಳ್ವಿಕೆಯನ್ನು ಅಳೆಯುವಾಗಲೂ ಸಿಂಹಾಸನದಲ್ಲಿದ್ದವನು ಯಾರು ಎಂದಷ್ಟೇ ಕೇಳಿದರೆ ಸಾಲದು. ಅವನ ಜೊತೆ ಕೈಜೋಡಿಸಿದವರು ಯಾರು, ಅವರಿಗೆ ದಕ್ಕಿದ್ದೇನು, ಅದರ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು.